ಮಾತ್ರೆ ಬೇಡ, ಪುಡಿ ಬೇಡ: ಬೆಣ್ಣೆ ದೋಸೆ ಊರಲ್ಲಿದ್ದುಕೊಂಡೇ ತೂಕ ಇಳಿಸುವ ದಾರಿ

ದಾವಣಗೆರೆಯಲ್ಲಿ ಮೆಡಿಕಲ್ ಶಾಪ್ ಕೌಂಟರ್ ಹಿಂದೆ ನಿಂತವರಿಗೆ ಒಂದು ಪ್ರಶ್ನೆ ತಪ್ಪೋದಿಲ್ಲ. "ಅಣ್ಣಾ, ತೂಕ ಇಳಿಯೋಕೆ ಏನಾದ್ರೂ ಕೊಡಿ, ಆದ್ರೆ ಸೈಡ್ ಎಫೆಕ್ಟ್ ಇರಬಾರದು." ಮದುವೆ ಸೀಸನ್ ಹತ್ತಿರ ಬಂದಾಗ ಈ ಪ್ರಶ್ನೆ ಇನ್ನೂ ಜಾಸ್ತಿ. ಕೆಲವರು ಮೊಬೈಲಲ್ಲಿ ಯಾವುದೋ ಡಬ್ಬಿಯ ಫೋಟೋ ತೋರಿಸುತ್ತಾರೆ. ಹಿಂದೆ ಇನ್ನೂ ನಾಲ್ಕು ಜನ ಚೀಟಿ ಹಿಡಿದು ನಿಂತಿರುವಾಗ ಅರ್ಧ ನಿಮಿಷದಲ್ಲಿ ಏನು ಹೇಳೋದು? ಆ ಉತ್ತರವನ್ನು ಇಲ್ಲಿ ಪೂರ್ತಿ ಬರೆದಿದ್ದೇನೆ. ದಾವಣಗೆರೆ, ಚಿತ್ರದುರ್ಗದ ಕಡೆಯ ಅಡುಗೆಮನೆಯಲ್ಲಿ ಇರುವುದನ್ನೇ ಇಟ್ಟುಕೊಂಡು ಮಾಡುವ ಕೆಲಸ ಇದು. ಓಟ್ಸ್, ಆವಕಾಡೊ ಹುಡುಕಿಕೊಂಡು ಹೋಗಬೇಕಾಗಿಲ್ಲ.

ಆ ಡಬ್ಬಿಯಲ್ಲಿ ಏನಿರುತ್ತದೆ?

ಫ್ಯಾಟ್ ಬರ್ನರ್ ಅಂತ ಮಾರುವ ಹೆಚ್ಚಿನವುಗಳ ಮುಖ್ಯ ಸರಕು ಕೆಫೀನ್. ಕಾಫಿಯಲ್ಲಿ ಇರುವುದೇ. ಅದರ ಜೊತೆ ಗ್ರೀನ್ ಟೀ ಸಾರ, ಕಹಿ ಕಿತ್ತಳೆಯಿಂದ ತೆಗೆದ ಸಿನೆಫ್ರಿನ್, ಇಂಥವು ಸೇರಿರುತ್ತವೆ. ಇವೆಲ್ಲ ಉತ್ತೇಜಕಗಳು. ಎದೆಬಡಿತ ಏರಿಸುತ್ತವೆ, ಕೆಲವು ಗಂಟೆ ಹಸಿವು ಮುಚ್ಚಿಡುತ್ತವೆ. ಕೊಬ್ಬು ಕರಗಿಸುವ ಕೆಲಸ ಮಾಡಿದರೂ ಅದು ತೀರಾ ಅಲ್ಪ. ಡಬ್ಬಿ ಖಾಲಿಯಾದ ದಿನ ಮುಚ್ಚಿಟ್ಟ ಹಸಿವು ಎದ್ದು ಕೂರುತ್ತದೆ, ಅಷ್ಟೊತ್ತಿಗೆ ನೀವು ಊಟದ ಅಭ್ಯಾಸ ಏನೂ ಬದಲಾಯಿಸಿರುವುದಿಲ್ಲ, ಹಾಗಾಗಿ ಇಳಿದ ಎರಡು ಕೆಜಿ ವಾಪಸ್ ಬರುತ್ತದೆ.

ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ ಸುಮಾರು 400 ಮಿಲಿಗ್ರಾಂ ಕೆಫೀನ್ ಮಿತಿ ಅಂತ ಲೆಕ್ಕ. ಗರ್ಭಿಣಿಯರಿಗೆ ಅದರ ಅರ್ಧ. ಜಿಮ್‌ಗೆ ಮುಂಚೆ ಕುಡಿಯುವ ಕೆಲವು ಪುಡಿಗಳಲ್ಲಿ ಒಂದೇ ಸ್ಕೂಪಿಗೆ 200ರಿಂದ 300 ಇರುತ್ತದೆ. ಅದರ ಮೇಲೆ ನಮ್ಮ ಮೂರು ಲೋಟ ಕಾಫಿ ಸೇರಿಸಿ ನೋಡಿ. ರಾತ್ರಿ ನಿದ್ದೆ ಯಾಕೆ ಬರ್ತಿಲ್ಲ ಅಂತ ಕೇಳೋಕೆ ಅದೇ ಮನುಷ್ಯ ಮತ್ತೆ ಮೆಡಿಕಲ್ ಶಾಪಿಗೆ ಬರುತ್ತಾನೆ.

ಇದಕ್ಕಿಂತ ಜೋರಾದ ಔಷಧಿಗಳೂ ಇದ್ದವು. ಎಫೆಡ್ರಾ ಅನ್ನೋ ಉತ್ತೇಜಕ ಗಿಡಮೂಲಿಕೆ ಇರುವ ಪುಡಿ, ಮಾತ್ರೆಗಳನ್ನು ಅಮೆರಿಕ 2004ರಲ್ಲಿ ನಿಷೇಧಿಸಿತು. ಸಿಬುಟ್ರಮೈನ್ ಅನ್ನೋ ಮಾತ್ರೆ ನಮ್ಮಲ್ಲೂ ಮಾರಾಟವಾಗುತ್ತಿತ್ತು. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಹೆಚ್ಚು ಅಂತ ಗೊತ್ತಾದ ಮೇಲೆ 2011ರಲ್ಲಿ ಭಾರತ ಸರ್ಕಾರ ಅದನ್ನು ನಿಲ್ಲಿಸಿತು. ವಿಷಯ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. 'ಪೂರ್ತಿ ಗಿಡಮೂಲಿಕೆ' ಅಂತ ಲೇಬಲ್ ಅಂಟಿಸಿದ ಕ್ಯಾಪ್ಸೂಲುಗಳಲ್ಲಿ ಇದೇ ಸಿಬುಟ್ರಮೈನ್ ಕದ್ದು ಬೆರೆಸಿದ್ದು ವಿದೇಶಗಳ ಲ್ಯಾಬ್ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಸಿಕ್ಕಿದೆ. ಹಾಗಾಗಿ ಪರಿಚಯದವರೊಬ್ಬರು ಪ್ಲಾಸ್ಟಿಕ್ ಕವರಿನಲ್ಲಿ ಬಿಡಿ ಕ್ಯಾಪ್ಸೂಲ್ ತಂದು "ಇದು ಹರ್ಬಲ್, ವಾರಕ್ಕೇ ಮೂರು ಕೆಜಿ ಇಳೀತೀರಿ" ಅಂದರೆ ಆ ಕವರನ್ನು ಮುಟ್ಟಬೇಡಿ. ಅಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಅನ್ನೋದೇ ಅನುಮಾನಕ್ಕೆ ಕಾರಣ.

ಮಲೆನಾಡಿನವರು ಮೀನು ಸಾರಿಗೆ ಹುಳಿಗೆಂದು ಹಾಕುವ ಉಪ್ಪಗೆ ಗೊತ್ತಲ್ವಾ? ಗಾರ್ಸಿನಿಯಾ ಅಂತ ಕ್ಯಾಪ್ಸೂಲಿನಲ್ಲಿ ಬರುವುದು ಅದೇ ಹಣ್ಣಿನ ಸಾರ. ಸಾರಿನಲ್ಲಿ ತಿಂದರೆ ತೊಂದರೆಯಿಲ್ಲ. ಗಟ್ಟಿ ಸಾರ ಮಾಡಿ ದಿನಾ ನುಂಗಿದ ಕೆಲವರಿಗೆ ಲಿವರ್‌ಗೆ ಪೆಟ್ಟು ಬಿದ್ದ ವರದಿಗಳಿವೆ. ಗ್ರೀನ್ ಟೀ ಸಾರದ ಕಥೆಯೂ ಹೀಗೇ, ಲೋಟದಲ್ಲಿ ಕುಡಿದರೆ ಸರಿ, ಜಾಸ್ತಿ ಪ್ರಮಾಣದ ಕ್ಯಾಪ್ಸೂಲ್ ಆದರೆ ಕಷ್ಟ.

ಈಗಾಗಲೇ ಇಂಥದ್ದು ತಗೊಳ್ತಾ ಇದ್ದರೆ ನಿಲ್ಲಿಸಿ. ಒಂದೆರಡು ವಾರ ಸುಸ್ತು, ತಲೆನೋವು, ವಿಪರೀತ ಹಸಿವು ಕಾಣಬಹುದು, ಅದು ಕೆಫೀನ್ ಬಿಟ್ಟಿದ್ದರ ಫಲ, ತಾನೇ ಹೋಗುತ್ತದೆ. ಎದೆನೋವು, ಎದೆಬಡಿತ ತಪ್ಪಿದ ಹಾಗೆ ಅನಿಸುವುದು, ಕಣ್ಣು ಹಳದಿಯಾಗುವುದು ಇದ್ದರೆ ಕಾಯಬೇಡಿ, ಆ ಡಬ್ಬಿಯನ್ನೂ ಕೈಯಲ್ಲಿ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ.

ಶುರು ಮಾಡುವ ಮುನ್ನ ಯಾರು ಡಾಕ್ಟರನ್ನು ನೋಡಬೇಕು

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರಹದ ಮಾತ್ರೆ ತಗೊಳ್ಳುವವರು ಮೊದಲು. ಮಾತ್ರೆ ಅಷ್ಟೇ ಇಟ್ಟುಕೊಂಡು ಊಟ ಕಡಿಮೆ ಮಾಡಿದರೆ ಶುಗರ್ ದಿಢೀರನೆ ಇಳಿದು ತಲೆ ಸುತ್ತಿ ಬೀಳುತ್ತಾರೆ. ಬಿಪಿ ಮಾತ್ರೆಯವರಿಗೂ ತೂಕ ಇಳಿದಂತೆ ಡೋಸ್ ಬದಲಾಯಿಸಬೇಕಾಗಬಹುದು. ಕಿಡ್ನಿ ತೊಂದರೆ ಇದ್ದವರು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು, 18 ವರ್ಷದೊಳಗಿನ ಮಕ್ಕಳು ಈ ಲೇಖನ ಓದಿಕೊಂಡು ತಾವೇ ಪಥ್ಯ ಮಾಡಬಾರದು. ಊಟ ಮೊದಲಿನಷ್ಟೇ ಇದ್ದೂ ಕೆಲವೇ ತಿಂಗಳಲ್ಲಿ ತೂಕ ಏರಿದ್ದರೆ, ಮುಟ್ಟು ಏರುಪೇರಾಗಿದ್ದರೆ, ಯಾವಾಗಲೂ ಸುಸ್ತು, ಚಳಿ ಅನಿಸುತ್ತಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಸ್ಟಿರಾಯ್ಡ್ ಮಾತ್ರೆ, ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳಿಂದಲೂ ತೂಕ ಏರುತ್ತದೆ. ಹಾಗಂತ ಅವನ್ನು ನೀವೇ ಬಿಡಬೇಡಿ, ಬರೆದುಕೊಟ್ಟವರನ್ನೇ ಕೇಳಿ.

ಈಗ ತೂಕ ಇಳಿಸುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಇಂಜೆಕ್ಷನ್ ಬಗ್ಗೆಯೂ ತುಂಬಾ ಜನ ಕೇಳುತ್ತಾರೆ. ಅವು ಉತ್ತೇಜಕಗಳಲ್ಲ, ಬೇರೆ ರೀತಿ ಕೆಲಸ ಮಾಡುವ ಔಷಧಿಗಳು, ಚೀಟಿ ಇಲ್ಲದೆ ಕೊಡುವಂಥದ್ದಲ್ಲ. ಅದು ನಿಮ್ಮ ಮತ್ತು ಡಾಕ್ಟರ ಮಾತು.

ಹಂತ 1: ಸೊಂಟ ಅಳೆಯಿರಿ

ತೂಕದ ಯಂತ್ರಕ್ಕಿಂತ ಮೊದಲು ಟೈಲರ್ ಟೇಪ್ ತಗೊಳ್ಳಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆ, ಇವೆರಡರ ನಡುವೆ ಟೇಪ್ ಸುತ್ತಿ. ಉಸಿರು ಬಿಟ್ಟು ಅಳೆಯಿರಿ, ಹೊಟ್ಟೆ ಒಳಗೆ ಎಳೆದುಕೊಂಡು ಯಾರಿಗೆ ಮೋಸ ಮಾಡ್ತೀರಿ? ನಮ್ಮ ದೇಶದವರಿಗೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ದಾಟಿದರೆ ಹೊಟ್ಟೆಯ ಕೊಬ್ಬು ಜಾಸ್ತಿ ಅಂತ ಅರ್ಥ. ಬಿಎಂಐ (ಕೆಜಿ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ) ಲೆಕ್ಕದಲ್ಲೂ ನಮಗೆ 23ರಿಂದಲೇ ಎಚ್ಚರಿಕೆ ಶುರು.

ತೂಕ ವಾರಕ್ಕೆ ಒಂದು ದಿನ ಸಾಕು. ಬೆಳಿಗ್ಗೆ ಎದ್ದು, ಬಾತ್‌ರೂಮಿಗೆ ಹೋಗಿ ಬಂದ ಮೇಲೆ, ಏನೂ ಕುಡಿಯುವ ಮುಂಚೆ. ದಿನಾ ನೋಡಿದರೆ ತಲೆ ಕೆಡುತ್ತದೆ. ಹಿಂದಿನ ದಿನ ಉಪ್ಪಿನಕಾಯಿ ಜಾಸ್ತಿ ತಿಂದಿದ್ದರೂ ಒಂದು ಕೆಜಿ ಏರಿದ ಹಾಗೆ ಕಾಣುತ್ತದೆ, ಅದು ನೀರು.

ಗುರಿ ದೊಡ್ಡದು ಬೇಡ. ಈಗಿನ ತೂಕದ ನೂರಕ್ಕೆ ಐದು ಭಾಗ, ಅಂದರೆ 80 ಕೆಜಿ ಇದ್ದವರಿಗೆ 4 ಕೆಜಿ. ಅಷ್ಟಕ್ಕೇ ಶುಗರ್, ಬಿಪಿಯಲ್ಲಿ ಒಳ್ಳೆಯ ಬದಲಾವಣೆ ಕಾಣಲು ಶುರುವಾಗುತ್ತದೆ. ವಾರಕ್ಕೆ ಅರ್ಧ ಕೆಜಿ ಇಳಿದರೆ ಧಾರಾಳ ಆಯ್ತು. ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಇರುತ್ತದೆ. ದಿನಕ್ಕೆ 500 ಕ್ಯಾಲೊರಿ ಕಡಿಮೆಯಾದರೆ ಹೆಚ್ಚುಕಡಿಮೆ ವಾರಕ್ಕೆ ಅರ್ಧ ಕೆಜಿ. ಹಾಗಾದರೆ ಆ 500 ಎಲ್ಲಿಂದ ತೆಗೆಯೋದು? ಅದೇ ಮುಂದಿನ ಹಂತಗಳು. ಒಂದೇ ಸೋಮವಾರ ಎಲ್ಲ ಬದಲಾಯಿಸಬೇಡಿ. ವಾರಕ್ಕೊಂದು ಹಂತ ಸೇರಿಸಿಕೊಂಡು ಹೋಗಿ.

ಹಂತ 2: ಚಹಾ, ಕಾಫಿ, ಅಡಿಕೆ

ಉತ್ತೇಜಕ ಇಲ್ಲದೆ ತೂಕ ಇಳಿಸಬೇಕು ಅಂದರೆ ಕಾಫಿ ಪೂರ್ತಿ ಬಿಡಬೇಕಾ? ಬೇಡ. ದಿನಕ್ಕೆ ಎರಡು ಲೋಟ ಇರಲಿ. ಆದರೆ ತಿಂಡಿ ಬಿಟ್ಟು ಚಹಾ ಕುಡಿದುಕೊಂಡು ಮಧ್ಯಾಹ್ನದವರೆಗೆ ದೂಡುತ್ತೀರಲ್ಲ, ಅದು ಬಿಡಿ. ಅದೂ ಹಸಿವನ್ನು ಮುಚ್ಚಿಡುವ ಕೆಲಸವೇ, ಡಬ್ಬಿ ಮಾತ್ರ ಬೇರೆ. ಕೆಫೀನ್ ಅರ್ಧದಷ್ಟು ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದ ಕಾಫಿ ರಾತ್ರಿ ಹನ್ನೊಂದಕ್ಕೂ ಅರ್ಧ ಒಳಗೇ ಇರುತ್ತದೆ. ಮಧ್ಯಾಹ್ನ ಮೂರರ ನಂತರ ಬೇಡ.

ಸಕ್ಕರೆ ಲೆಕ್ಕ ಹಾಕೋಣ. ಅಂಗಡಿ, ಆಫೀಸು ಅಂತ ದಿನಕ್ಕೆ ನಾಲ್ಕು ಚಹಾ, ಪ್ರತಿಯೊಂದಕ್ಕೂ ಎರಡು ಚಮಚ ಸಕ್ಕರೆ. ಎಂಟು ಚಮಚ ಅಂದರೆ 40 ಗ್ರಾಂ, 160 ಕ್ಯಾಲೊರಿ, ಹಾಲು ಬೇರೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ. ಮೊದಲ ವಾರ ಎರಡು ಚಮಚ ಇದ್ದದ್ದು ಒಂದು. ಎರಡನೇ ವಾರ ಅರ್ಧ. ನಾಲಿಗೆ ಹೊಂದಿಕೊಳ್ಳುತ್ತದೆ, ನಿಜ. ಹೊರಗೆ ಕುಡಿದರೆ ಬೈ ಟೂ ಹೇಳಿ. ಬೆಲ್ಲದ ಚಹಾ ಕುಡೀತೀನಿ ಅನ್ನುವವರಿಗೆ ಒಂದು ಮಾತು: ತೂಕದ ಲೆಕ್ಕದಲ್ಲಿ ಬೆಲ್ಲ, ಸಕ್ಕರೆ ಹೆಚ್ಚುಕಡಿಮೆ ಒಂದೇ.

ಇನ್ನು ನಮ್ಮ ಕಡೆ ಯಾರೂ ಲೆಕ್ಕಕ್ಕೆ ಹಿಡಿಯದ ಉತ್ತೇಜಕ ಅಡಿಕೆ. ಚನ್ನಗಿರಿ, ಭೀಮಸಮುದ್ರ ಅಂದರೆ ಅಡಿಕೆ ನಾಡು, ಬೆಳೆಗಾರರ ಹೊಟ್ಟೆಗೆ ಹೊಡೆಯುವ ಮಾತು ನಾನು ಆಡುತ್ತಿಲ್ಲ. ಆದರೆ ದಿನವಿಡೀ ಬಾಯಲ್ಲಿ ಅಡಿಕೆ ಇಟ್ಟುಕೊಂಡವರಿಗೆ ಹೊತ್ತಿಗೆ ಸರಿಯಾಗಿ ಹಸಿವಾಗುವುದಿಲ್ಲ, ಆಮೇಲೆ ರಾತ್ರಿ ಒಂದೇ ಸಲ ಗಂಗಾಳ ತುಂಬ ಉಣ್ಣುತ್ತಾರೆ. ಅದರಲ್ಲಿರುವ ಅರೆಕೊಲಿನ್ ಉತ್ತೇಜಕವೇ. ಅಡಿಕೆ ಅಗಿಯುವುದು ಬಾಯಿ ಕ್ಯಾನ್ಸರ್‌ಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ತಂಬಾಕಿನ ಗುಟ್ಕಾ, ಬೀಡಿ, ಸಿಗರೇಟು ಬಿಟ್ಟರೆ ತೂಕ ಏರುತ್ತೆ ಅಂತ ಬಿಡದೆ ಇರುವವರೂ ಇದ್ದಾರೆ. ಸ್ವಲ್ಪ ಏರಬಹುದು. ಆದರೂ ಮೊದಲು ಬಿಡಿ, ತೂಕ ಆಮೇಲೆ ನೋಡಿಕೊಳ್ಳೋಣ.

ಹಂತ 3: ಸಂಜೆ ಐದರಿಂದ ಏಳು

ದಾವಣಗೆರೆಯವರ ತೂಕ ಏರುವ ಹೊತ್ತು ಇದು, ನನ್ನ ಅನಿಸಿಕೆ. ಗಿರ್ಮಿಟ್ ಇದೆ, ನರ್ಗಿಸ್ ಮಂಡಕ್ಕಿ ಇದೆ, ಪಕ್ಕದಲ್ಲೇ ಬಾಣಲೆಯಿಂದ ಆಗ ತಾನೇ ಎತ್ತಿದ ಮೆಣಸಿನಕಾಯಿ ಬಜ್ಜಿ. ಯಾರಿಗೆ ಬೇಡ ಅನ್ನೋಕೆ ಆಗುತ್ತೆ?

ಇಲ್ಲಿ ಒಂದು ಸಮಾಧಾನದ ಸುದ್ದಿ. ಮಂಡಕ್ಕಿ ನಿಮ್ಮ ಶತ್ರು ಅಲ್ಲ. ಮಂಡಕ್ಕಿ ಭಟ್ಟಿಯಿಂದ ಬಂದ ಬರೀ ಮಂಡಕ್ಕಿ ದೊಡ್ಡ ಬಟ್ಟಲು ತುಂಬ ಹಾಕಿದರೂ ತೂಕ 30 ಗ್ರಾಂ ಆಸುಪಾಸು ಇರುತ್ತದೆ, ಸುಮಾರು 120 ಕ್ಯಾಲೊರಿ. ತೊಂದರೆ ಇರೋದು ಅದಕ್ಕೆ ಸುರಿಯುವ ಎಣ್ಣೆ, ಮೇಲೆ ಉದುರಿಸುವ ಸೇವು ಮತ್ತು ಜೊತೆಗೆ ಬರುವ ಮೆಣಸಿನಕಾಯಲ್ಲಿ. ಕಡಲೆಹಿಟ್ಟು, ಹೀರಿಕೊಂಡ ಎಣ್ಣೆ ಸೇರಿ ಒಂದೊಂದು ಮೆಣಸಿನಕಾಯಿಯೂ 100 ಕ್ಯಾಲೊರಿ ದಾಟುವುದು ಸುಲಭ. ನಾಲ್ಕು ತಿಂದರೆ ಆ ದಿನದ 500ರ ಲೆಕ್ಕ ಅಲ್ಲಿಗೇ ಮುಳುಗಿತು.

ಇನ್ನೊಂದು ಕೊರತೆ ಇದೆ. ಬರೀ ಮಂಡಕ್ಕಿಯಲ್ಲಿ ಪ್ರೋಟೀನ್ ತುಂಬಾ ಕಡಿಮೆ, ಅದಕ್ಕೇ ಗಂಟೆಯೊಳಗೆ ಮತ್ತೆ ಹಸಿವು. ಹಾಗಾಗಿ ಮನೆಯಲ್ಲಿ ಹೀಗೆ ಕಲಸಿ: ಒಂದು ಬಟ್ಟಲು ಮಂಡಕ್ಕಿ, ಅರ್ಧ ಬಟ್ಟಲು ಮೊಳಕೆ ಬರಿಸಿ ಬೇಯಿಸಿದ ಹೆಸರುಕಾಳು ಅಥವಾ ಮಡಕೆಕಾಳು, ಹೆಚ್ಚಿದ ಈರುಳ್ಳಿ, ಟೊಮೆಟೊ, ಸೌತೆಕಾಯಿ, ಒಂದು ಚಮಚ ಹುರಿಗಡಲೆ ಪುಡಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ನಿಂಬೆರಸ. ಒಗ್ಗರಣೆ ಬೇಕೇ ಬೇಕು ಅಂದರೆ ನಾಲ್ಕು ಜನರ ಮಂಡಕ್ಕಿಗೆ ಒಂದು ದೊಡ್ಡ ಚಮಚ ಎಣ್ಣೆ, ಅದರ ಮೇಲೆ ಇಲ್ಲ. ಕಲಸಿದ ತಕ್ಷಣ ತಿನ್ನಿ, ಮೆತ್ತಗಾದರೆ ರುಚಿ ಹೋಗುತ್ತದೆ.

ಶೇಂಗಾ ಬಗ್ಗೆ ಎಚ್ಚರ. ಚಳ್ಳಕೆರೆ ಕಡೆಯ ಶೇಂಗಾ ಒಳ್ಳೆಯದೇ, ಪ್ರೋಟೀನೂ ಇದೆ. ಆದರೆ ಒಂದು ಹಿಡಿಯಲ್ಲೇ 160 ಕ್ಯಾಲೊರಿಗಿಂತ ಜಾಸ್ತಿ, ಟಿವಿ ಮುಂದೆ ಕೂತು ಸುಲಿಯುತ್ತಾ ಹೋದರೆ ಹಿಡಿ ಎಷ್ಟಾಯ್ತು ಅಂತ ಗೊತ್ತಾಗುವುದೇ ಇಲ್ಲ. ತಟ್ಟೆಗೆ ಒಂದು ಹಿಡಿ ಹಾಕಿಕೊಂಡು ಡಬ್ಬಿ ಒಳಗಿಟ್ಟು ಬನ್ನಿ.

ಹಂತ 4: ತಟ್ಟೆ

ಇದು ಉದ್ದದ ಹಂತ, ಇದೇ ಮುಖ್ಯ.

ಮೊದಲು ಒಂದು ತಪ್ಪು ತಿಳಿವಳಿಕೆ. ಅನ್ನ ಬಿಟ್ಟು ರಾಗಿಮುದ್ದೆ, ಜೋಳದ ರೊಟ್ಟಿ, ನವಣೆ, ಸಾಮೆ ತಿಂದರೆ ತಾನಾಗಿಯೇ ತೂಕ ಇಳಿಯುತ್ತದೆ ಅಂತ ನಂಬಿದವರು ತುಂಬಾ ಜನ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 355 ಕ್ಯಾಲೊರಿ. ಜೋಳದಲ್ಲಿ 335, ರಾಗಿಯಲ್ಲಿ 320. ನೋಡಿದಿರಲ್ಲ, ವ್ಯತ್ಯಾಸ ಅಷ್ಟೇ. ಲಾಭ ಇರುವುದು ನಾರಿನಲ್ಲಿ. ರಾಗಿ, ಜೋಳದಲ್ಲಿ 100 ಗ್ರಾಂಗೆ ಹತ್ತು ಗ್ರಾಂ ದಾಟಿ ನಾರು ಇರುತ್ತದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರೂ ಇಲ್ಲ. ಹಾಗಾಗಿ ಬೇಗ ಹೊಟ್ಟೆ ತುಂಬುತ್ತದೆ, ಹಸಿವು ತಡವಾಗಿ ಬರುತ್ತದೆ. ಹೊಸದುರ್ಗದ ಸಾಮೆ ಅನ್ನವೂ ಅನ್ನವೇ, ತಟ್ಟೆ ತುಂಬ ಬಡಿಸಿಕೊಂಡರೆ ಪ್ರಯೋಜನ ಇಲ್ಲ. ನಮ್ಮ ಹಿರಿಯರು ದೊಡ್ಡ ಮುದ್ದೆ ನುಂಗಿ ತೆಳ್ಳಗೇ ಇದ್ದರು ಅನ್ನೋದು ನಿಜ. ಅವರು ಮುದ್ದೆ ತಿಂದು ಹೊಲಕ್ಕೆ ಹೋಗುತ್ತಿದ್ದರು, ನಾವು ತಿಂದು ಕೌಂಟರಿನಲ್ಲಿ ಕೂರುತ್ತೇವೆ.

ಹಾಗಾದರೆ ಅಳತೆ ಏನು? ಮುದ್ದೆಯಾದರೆ ಕಿತ್ತಳೆ ಹಣ್ಣಿನ ಗಾತ್ರದ್ದು ಒಂದು. ರೊಟ್ಟಿಯಾದರೆ ಎರಡು, ಎಣ್ಣೆ, ಬೆಣ್ಣೆ ಸವರದೆ. ರೊಟ್ಟಿ ಆದ ಮೇಲೆ 'ಒಂದು ತುತ್ತು ಅನ್ನ' ಅಂತ ಶುರುವಾಗುತ್ತದಲ್ಲ, ಅದು ಒಂದು ತುತ್ತಿಗೆ ನಿಲ್ಲುವುದಿಲ್ಲ. ಒಂದು ಹೊತ್ತಿಗೆ ರೊಟ್ಟಿ ಅಥವಾ ಮುದ್ದೆ ಅಥವಾ ಅನ್ನ, ಯಾವುದಾದರೂ ಒಂದೇ. ಇದೊಂದು ನಿಯಮ ಪಾಲಿಸಿದರೂ ಮನೆಮಂದಿಗೆಲ್ಲ ವ್ಯತ್ಯಾಸ ಗೊತ್ತಾಗುತ್ತದೆ.

ಕಡಿಮೆ ಮಾಡಿದ ಜಾಗಕ್ಕೆ ಏನು ಬರಬೇಕು? ಕಾಳು ಮತ್ತು ಸೊಪ್ಪು. ಹಸಿವು ತಡೆಯುವ ಕೆಲಸವನ್ನು ಮಾತ್ರೆಗಿಂತ ಚೆನ್ನಾಗಿ ಮಾಡೋದು ಪ್ರೋಟೀನ್ ಮತ್ತು ನಾರು, ಎರಡೂ ಕಾಳಿನಲ್ಲೇ ಇದೆ. ಹುರುಳಿ, ಹೆಸರು, ಅಲಸಂದೆ, ಮಡಕೆ, ಅವರೆ, ಕಡಲೆ. 50 ಗ್ರಾಂ ಒಣಕಾಳು ಬೇಯಿಸಿದರೆ ಒಂದು ಬಟ್ಟಲು ಆಗುತ್ತದೆ, ಅದರಲ್ಲಿ 11 ಗ್ರಾಂ ಆಸುಪಾಸು ಪ್ರೋಟೀನ್. ಒಂದು ಮೊಟ್ಟೆಯಲ್ಲಿ 6. ಒಂದು ದೊಡ್ಡ ಬಟ್ಟಲು ಮೊಸರಿನಲ್ಲಿ 6. ಸೋಯಾ ಚಂಕ್ಸ್ 30 ಗ್ರಾಂ ನೆನೆಸಿದರೆ 15. ನಿಮ್ಮ ತೂಕದ ಒಂದೊಂದು ಕೆಜಿಗೆ ಒಂದೊಂದು ಗ್ರಾಂ ಪ್ರೋಟೀನ್ ಹೊಂದಿಸಿದರೆ ಸಾಕು. ಕೋಳಿ, ಮೀನು ತಿನ್ನುವವರಿಗೆ ಇನ್ನೂ ಸುಲಭ, ಸಾರು ಮಾಡುವಾಗ ಎಣ್ಣೆ, ಕೊಬ್ಬರಿ ಹಿಡಿತದಲ್ಲಿರಲಿ.

ಒಂದೇ ಅಡುಗೆ ಹೆಸರಿಸಿ ಅಂದರೆ ನಾನು ಬಸ್ಸಾರು ಅನ್ನುತ್ತೇನೆ. ಸೊಪ್ಪು, ಕಾಳು ಒಟ್ಟಿಗೆ ಬೇಯಿಸಿ ಕಟ್ಟು ಬಸಿದು, ಆ ಕಟ್ಟಿಗೆ ಮಸಾಲೆ ರುಬ್ಬಿ ಹಾಕಿ ಸಾರು, ಉಳಿದ ಕಾಳು, ಸೊಪ್ಪಿಗೆ ಒಗ್ಗರಣೆ ಕೊಟ್ಟು ಪಲ್ಯ. ಅರ್ಧ ತಟ್ಟೆ ಪಲ್ಯ, ಒಂದು ಸಣ್ಣ ಮುದ್ದೆ, ಸಾರು ಎಷ್ಟು ಬೇಕಾದರೂ. ಇಂಥ ಊಟಕ್ಕೆ ಹೆಸರಿಟ್ಟು ಡಬ್ಬಿಗೆ ಹಾಕಿದ್ದರೆ ಸಾವಿರ ರೂಪಾಯಿಗೆ ಮಾರುತ್ತಿದ್ದರು. ಪಲ್ಯಕ್ಕೆ ಕಾಯಿತುರಿ ಒಂದು ಚಮಚ ಮಾತ್ರ. ರೊಟ್ಟಿ ಮನೆಗಳಲ್ಲಿ ಹೆಸರುಕಾಳು ಪಲ್ಯ, ಪುಂಡಿಪಲ್ಯ, ಹಸಿ ಸೌತೆಕಾಯಿ, ಮೂಲಂಗಿ. ಎಣ್ಣೆಗಾಯಿ ವಾರಕ್ಕೊಮ್ಮೆ, ಹೆಸರಲ್ಲೇ ಇದೆ ಅಲ್ವಾ. ಶೇಂಗಾ ಚಟ್ನಿಪುಡಿ ಒಂದು ಚಮಚ, ಅದನ್ನು ಎಣ್ಣೆ ಬದಲು ಮೊಸರಿನಲ್ಲಿ ಕಲಸಿ.

ತಿನ್ನುವ ಕ್ರಮವೂ ಮುಖ್ಯ. ಮೊದಲು ಕೋಸಂಬರಿ, ಪಲ್ಯ, ಕಾಳು. ಆಮೇಲೆ ರೊಟ್ಟಿ, ಮುದ್ದೆ. ಹೀಗೆ ತಿಂದರೆ ಊಟದ ನಂತರ ಶುಗರ್ ನಿಧಾನಕ್ಕೆ ಏರುತ್ತದೆ, ಎರಡನೇ ಸಲ ಬಡಿಸಿಕೊಳ್ಳುವ ಮನಸ್ಸೂ ಕಡಿಮೆಯಾಗುತ್ತದೆ. ಕೊನೆಗೆ ಒಂದು ದೊಡ್ಡ ಲೋಟ ನೀರು ಮಜ್ಜಿಗೆ.

ಬೆಳಿಗ್ಗೆ ತಿಂಡಿಗೆ ಹೆಸರುಕಾಳಿನ ದೋಸೆ, ತರಕಾರಿ ಜಾಸ್ತಿ ಹಾಕಿದ ನವಣೆ ಉಪ್ಪಿಟ್ಟು ಜೊತೆ ಮೊಸರು, ರೊಟ್ಟಿ ಜೊತೆ ರಾತ್ರಿಯ ಕಾಳುಪಲ್ಯ, ಎರಡು ಬೇಯಿಸಿದ ಮೊಟ್ಟೆ, ಇವುಗಳಲ್ಲಿ ಯಾವುದಾದರೂ. ತಿಂಡಿ ಬಿಟ್ಟರೆ ಬೇಗ ಇಳಿಯುತ್ತೀನಿ ಅಂತ ಬಿಡುವವರು ಸಂಜೆ ಮಂಡಕ್ಕಿ ಅಂಗಡಿ ಮುಂದೆ ಸಿಗುತ್ತಾರೆ.

ಮತ್ತೆ ಬೆಣ್ಣೆ ದೋಸೆ?

ಬಿಡಬೇಡಿ. ಬಿಟ್ಟರೆ ಮನಸ್ಸು ಅಲ್ಲೇ ಇರುತ್ತದೆ. ಒಂದು ದೊಡ್ಡ ಚಮಚ ಬೆಣ್ಣೆಯಲ್ಲಿ ಸುಮಾರು 100 ಕ್ಯಾಲೊರಿ. ಕಾವಲಿ ಮೇಲೆ ಒಂದು ಸಲ, ತಟ್ಟೆಗೆ ಬಂದ ಮೇಲೆ ಇನ್ನೊಂದು ಮುದ್ದೆ ಬೆಣ್ಣೆ, ಪಲ್ಯ, ಕಾಯಿ ಚಟ್ನಿ ಎಲ್ಲ ಸೇರಿಸಿದರೆ ಒಂದೇ ದೋಸೆ ಒಂದು ಊಟಕ್ಕೆ ಸಮ. ಅದಕ್ಕೇ ಅದನ್ನು ತಿಂಡಿ ಅಂತ ಎಣಿಸದೆ ಊಟ ಅಂತಲೇ ಎಣಿಸಿ. ವಾರಕ್ಕೆ ಒಂದು ದಿನ, ಒಂದೇ ದೋಸೆ, ಮೇಲಿನ ಬೆಣ್ಣೆ ಬೇಡ ಅಂತ ಮೊದಲೇ ಹೇಳಿ. ಎರಡನೆಯದಕ್ಕೆ ಆಸೆಯಾದರೆ ಖಾಲಿ ದೋಸೆ. ಆ ದಿನ ಮಧ್ಯಾಹ್ನ ಬರೀ ಕಾಳುಪಲ್ಯ, ಮಜ್ಜಿಗೆ. ದುಗ್ಗಮ್ಮನ ಜಾತ್ರೆ, ಯುಗಾದಿ ಹೋಳಿಗೆ, ಮದುವೆ ಊಟಕ್ಕೂ ಇದೇ ಲೆಕ್ಕ. ಒಂದು ಊಟ ಜಾಸ್ತಿಯಾಯ್ತು ಅಂತ ಆ ವಾರವೇ ಹೋಯ್ತು ಅಂದುಕೊಳ್ಳಬೇಡಿ, ಮುಂದಿನ ಊಟದಿಂದ ಮಾಮೂಲಿಗೆ ಬನ್ನಿ.

ಹಂತ 5: ಎಣ್ಣೆ ಕ್ಯಾನ್ ಮೇಲೆ ದಿನಾಂಕ ಬರೆಯಿರಿ

ಹೊಸ ಎಣ್ಣೆ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ದಿನಾಂಕ ಬರೆದಿಡಿ. ತಿಂಗಳ ಕೊನೆಗೆ ಎಷ್ಟು ಲೀಟರ್ ಆಯ್ತು ಅಂತ ನೋಡಿ, ಮನೆಯವರ ಸಂಖ್ಯೆಯಿಂದ ಭಾಗಿಸಿ. ಒಬ್ಬರಿಗೆ ಅರ್ಧದಿಂದ ಮುಕ್ಕಾಲು ಲೀಟರ್ ಒಳಗಿದ್ದರೆ ಪರವಾಗಿಲ್ಲ. ನಾಲ್ಕು ಜನರ ಮನೆಗೆ ಐದು ಲೀಟರ್ ಕ್ಯಾನ್ ತಿಂಗಳೊಳಗೆ ಖಾಲಿಯಾಗುತ್ತಿದ್ದರೆ ಕಾರಣ ಸಿಕ್ಕಿತು. ಒಂದು ಲೀಟರ್ ಎಣ್ಣೆಯಲ್ಲಿ ಎಂಟು ಸಾವಿರ ಕ್ಯಾಲೊರಿ ದಾಟುತ್ತದೆ, ಅಂದರೆ ಒಂದು ಕೆಜಿ ಕೊಬ್ಬಿಗಿಂತ ಜಾಸ್ತಿ. ಎಣ್ಣೆ ಯಾವುದು ಅನ್ನೋದು ಬೇರೆ ಚರ್ಚೆ. ತೂಕಕ್ಕೆ ಸಂಬಂಧಪಟ್ಟಂತೆ ಎಲ್ಲ ಎಣ್ಣೆ ಒಂದೇ, ಗಾಣದ್ದಾದರೂ ಅಷ್ಟೇ. ಬಾಟಲಿಯಿಂದ ನೇರ ಬಾಣಲೆಗೆ ಸುರಿಯುವುದು ನಿಲ್ಲಿಸಿ ಚಮಚದಲ್ಲಿ ಹಾಕಿ. ಅಡುಗೆ ಮಾಡುವವರು ಬೇರೆಯವರಾಗಿದ್ದರೆ ಉಪದೇಶ ಮಾಡಬೇಡಿ, ನೀವೇ ಎರಡು ದಿನ ಅಡುಗೆ ಮಾಡಿ ತೋರಿಸಿ.

ಹಂತ 6: ನಡಿಗೆ, ಬಸ್ಕಿ

ನಡಿಗೆಯಿಂದಲೇ ತೂಕ ಇಳಿಯುತ್ತದೆ ಅಂತ ನಂಬಿಕೊಂಡರೆ ಬೇಜಾರಾಗುತ್ತದೆ. 70 ಕೆಜಿಯ ಮನುಷ್ಯ ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು 120ರಿಂದ 150 ಕ್ಯಾಲೊರಿ. ವಾಕಿಂಗ್ ಮುಗಿಸಿ ನೇರವಾಗಿ ದೋಸೆ ಹೋಟೆಲಿಗೆ ಹೋಗುವ ಗುಂಪುಗಳು ನಮ್ಮಲ್ಲಿವೆ, ಅವರ ಹೊಟ್ಟೆ ಯಾಕೆ ಕರಗಿಲ್ಲ ಅಂತ ಈಗ ಗೊತ್ತಾಯಿತಲ್ಲ. ತೂಕ ಇಳಿಸುವುದು ಮುಖ್ಯವಾಗಿ ತಟ್ಟೆ. ಇಳಿದದ್ದನ್ನು ಉಳಿಸಿಕೊಳ್ಳುವುದಕ್ಕೆ, ಶುಗರ್, ನಿದ್ದೆ, ಮನಸ್ಸಿಗೆ ನಡಿಗೆ ಬೇಕು.

ವಾರಕ್ಕೆ ಕನಿಷ್ಠ 150 ನಿಮಿಷ. ಮೊದಲ ವಾರ ದಿನಕ್ಕೆ ಹದಿನೈದು ನಿಮಿಷದಿಂದ ಶುರು ಮಾಡಿ. ದಾವಣಗೆರೆಯಲ್ಲಿ ಕುಂದುವಾಡ ಕೆರೆ ಏರಿ ಇದೆ. ಚಿತ್ರದುರ್ಗದವರಿಗೆ ಏಳು ಸುತ್ತಿನ ಕೋಟೆಯೇ ಇದೆ, ಆ ಮೆಟ್ಟಿಲು, ಏರು ಹತ್ತಿದರೆ ಯಾವ ಟ್ರೆಡ್‌ಮಿಲ್ಲೂ ಬೇಡ. ಆದರೆ ಮಂಡಿನೋವು ಇದ್ದವರು ಕೋಟೆ ಹತ್ತಬೇಡಿ, ಸಮತಟ್ಟು ಜಾಗವೇ ಒಳ್ಳೆಯದು. ಮಾರ್ಚ್‌ನಿಂದ ಮೇವರೆಗೆ ನಮ್ಮ ಬಿಸಿಲು ಗೊತ್ತಲ್ಲ, ಬೆಳಿಗ್ಗೆ ಏಳರೊಳಗೆ ಮುಗಿಸಿ. ನಡೆಯುವಾಗ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು, ಆ ವೇಗ ಸರಿ. ಸಮಯವೇ ಇಲ್ಲ ಅನ್ನುವವರು ಮೂರು ಊಟದ ನಂತರ ಹತ್ತತ್ತು ನಿಮಿಷ ನಡೆಯಿರಿ, ಓಣಿಯಲ್ಲೇ ಆದರೂ ಸರಿ.

ವಾರಕ್ಕೆ ಎರಡು ದಿನ ಬಸ್ಕಿ, ದಂಡ. ಗರಡಿ ಮನೆಯ ಊರಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹೊಸಬರು ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಹತ್ತು ಸಲ, ಗೋಡೆಗೆ ಕೈ ಕೊಟ್ಟು ದಂಡ ಹತ್ತು ಸಲ, ಹೀಗೆ ಮೂರು ಸುತ್ತು. ಪ್ರೋಟೀನ್ ಇಲ್ಲದೆ, ಕಸರತ್ತು ಇಲ್ಲದೆ ಬರೀ ಉಪವಾಸದಿಂದ ಇಳಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ಮುಖ ಜೋತುಬೀಳುತ್ತದೆ, ನೋಡಿದವರು ಹುಷಾರಿಲ್ವಾ ಅಂತ ಕೇಳುತ್ತಾರೆ.

ನಿದ್ದೆ ಏಳು ಗಂಟೆ. ಕಡಿಮೆಯಾದರೆ ಮರುದಿನ ಸಿಹಿ, ಕರಿದದ್ದರ ಕಡೆಗೇ ಕೈ ಹೋಗುತ್ತದೆ.

ನಡುವೆ ತೂಕ ನಿಂತರೆ

ನಿಲ್ಲುತ್ತದೆ. ಮೊದಲ ತಿಂಗಳು ಚೆನ್ನಾಗಿ ಇಳಿದು ಆಮೇಲೆ ಎರಡು, ಮೂರು ವಾರ ಮುಳ್ಳು ಅಲ್ಲಾಡುವುದಿಲ್ಲ. ಜನ ಮತ್ತೆ ಡಬ್ಬಿ ಕೇಳಿಕೊಂಡು ಬರುವುದು ಈ ಹೊತ್ತಲ್ಲೇ. ಮೊದಲ ವಾರಗಳಲ್ಲಿ ಇಳಿದದ್ದರಲ್ಲಿ ನೀರಿನ ಪಾಲೂ ಇತ್ತು, ಅದು ಮುಗಿದಿದೆ. ಜೊತೆಗೆ ದೇಹ ಹಗುರವಾದಂತೆ ಅದಕ್ಕೆ ಬೇಕಾದ ಊಟವೂ ಕಡಿಮೆಯಾಗುತ್ತದೆ. ಮೊದಲು ಸೊಂಟ ಅಳೆಯಿರಿ, ತೂಕ ನಿಂತಿದ್ದರೂ ಟೇಪ್ ಇಳಿದಿರಬಹುದು. ಟೇಪೂ ನಿಂತಿದ್ದರೆ ಮೂರು ದಿನ ಬಾಯಿಗೆ ಹಾಕಿದ್ದನ್ನೆಲ್ಲ ಬರೆಯಿರಿ, ಮಗು ತಟ್ಟೆಯಲ್ಲಿ ಬಿಟ್ಟದ್ದು, ಅಂಗಡಿಯಲ್ಲಿ ಯಾರೋ ಕೊಟ್ಟ ಪೇಢಾ ಎಲ್ಲ. ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ. ಸಿಗದಿದ್ದರೆ ಒಂದು ರೊಟ್ಟಿ ಕಡಿಮೆ ಮಾಡಿ, ನಡಿಗೆಗೆ ಹತ್ತು ನಿಮಿಷ ಸೇರಿಸಿ.

ಜೀರಿಗೆ ನೀರು, ಬಿಸಿನೀರಿಗೆ ನಿಂಬೆ, ಮೆಂತ್ಯ ನೀರು ಕೊಬ್ಬು ಕರಗಿಸುವುದಿಲ್ಲ. ಕುಡಿದರೆ ತಪ್ಪೇನಿಲ್ಲ, ಆದರೆ ಜೇನುತುಪ್ಪ ಸೇರಿಸಿದರೆ ಒಂದು ದೊಡ್ಡ ಚಮಚಕ್ಕೆ 60 ಕ್ಯಾಲೊರಿ ಅಂತ ನೆನಪಿರಲಿ. ವಿನೆಗರ್ ಹಾಗೇ ಕುಡಿದರೆ ಹಲ್ಲು ಸವೆಯುತ್ತದೆ.

ಗುರಿ ಮುಟ್ಟಿದ ಮೇಲೂ ವಾರದ ತೂಕ ನೋಡುವುದು ಬಿಡಬೇಡಿ. ಎರಡು ಕೆಜಿ ಏರಿದ್ದು ಕಂಡ ವಾರವೇ ಚಹಾದ ಸಕ್ಕರೆ, ಸಂಜೆಯ ಮೆಣಸಿನಕಾಯಿ, ರೊಟ್ಟಿಯ ನಂತರದ ಅನ್ನ, ಈ ಮೂರನ್ನು ಮೊದಲು ನೋಡಿ. ಎಂಟು ಕೆಜಿ ಏರುವವರೆಗೆ ಕಾಯ್ದರೆ ಮತ್ತೆ ಒಂದನೇ ಹಂತದಿಂದ ಟೇಪ್ ಹುಡುಕಬೇಕಾಗುತ್ತದೆ.